ಜಾಹೀರಾತು ಯಾಕೆ ನಿಂತುಹೋಯ್ತು? 1994ರ ಫಲಕದಿಂದ ಇಂದಿನ ಬೀಗದವರೆಗೆ

ಇವತ್ತಿನ ಮಾತು ಅಂಗಡಿ ಇಟ್ಟವರಿಗೂ ಬೇಕು, ಕೋಡ್ ಬರೆಯುವವರಿಗೂ ಬೇಕು. ನೀವು ಗೂಗಲ್‌ನಲ್ಲಿ ಜಾಹೀರಾತು ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ನಿಮ್ಮ ಫೋನ್‌ನಲ್ಲಿ ಲ್ಯಾಂಡಿಂಗ್ ಪೇಜ್ ಚೆನ್ನಾಗಿಯೇ ತೆರೆಯುತ್ತೆ. ಆದರೂ ಪೇಜ್ ಕೆಲಸ ಮಾಡ್ತಿಲ್ಲ ಅಂತ ಕಾರಣ ಕೊಟ್ಟು ಜಾಹೀರಾತನ್ನು ತಿರಸ್ಕರಿಸಿದ್ದಾರೆ. ದೀಪಾವಳಿಗೆ ಹತ್ತು ದಿನ ಇರುವಾಗ ಹೀಗಾದರೆ, ಸಣ್ಣ ವ್ಯಾಪಾರಿಗೆ ಆ ವರ್ಷದ ಸೀಸನ್ನೇ ಹೋದ ಹಾಗೆ.

ನಿಮಗೆ ತೆರೆಯುವ ಪುಟ ಗೂಗಲ್‌ನ ಬಾಟ್‌ಗೆ ಯಾಕೆ ತೆರೆಯಲ್ಲ? ಉತ್ತರಕ್ಕೆ ಮೂವತ್ತು ವರ್ಷ ಹಿಂದೆ ಹೋಗಬೇಕು.

1993ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮ್ಯಾಥ್ಯೂ ಗ್ರೇ ಎಂಬ ವಿದ್ಯಾರ್ಥಿ 'ವರ್ಲ್ಡ್ ವೈಡ್ ವೆಬ್ ವಾಂಡರರ್' ಅನ್ನೋ ಪ್ರೋಗ್ರಾಂ ಬರೆದರು. ಲಿಂಕಿನಿಂದ ಲಿಂಕಿಗೆ ಹಾರುತ್ತಾ ವೆಬ್ ಎಷ್ಟು ಬೆಳೆದಿದೆ ಅಂತ ಅಳೆಯುವುದು ಅದರ ಕೆಲಸ. ಇಂಥ ಅಲೆಮಾರಿ ಪ್ರೋಗ್ರಾಂಗಳು ಒಂದೊಂದಾಗಿ ಹುಟ್ಟಿಕೊಂಡವು. ಕೆಲವು ಎಡೆಬಿಡದೆ ಪುಟ ಕೇಳುತ್ತಿದ್ದವು, ಕೆಲವು ಅದೇ ಫೈಲನ್ನು ಮತ್ತೆ ಮತ್ತೆ ಎಳೆಯುತ್ತಿದ್ದವು. ಅಂದಿನ ಸಣ್ಣ ಸರ್ವರ್‌ಗಳು ಸುಸ್ತಾಗಿಬಿಡುತ್ತಿದ್ದವು.

ಬ್ರಿಟನ್ನಿನ ನೆಕ್ಸರ್ ಕಂಪನಿಯಲ್ಲಿದ್ದ ಮಾರ್ಟೈನ್ ಕೋಸ್ಟರ್ 1994ರ ಫೆಬ್ರವರಿಯಲ್ಲಿ ಒಂದು ಸರಳ ಉಪಾಯ ಮುಂದಿಟ್ಟರು. ಸೈಟಿನ ಬಾಗಿಲಲ್ಲೇ ಒಂದು ಪಠ್ಯದ ಫೈಲ್ ಇಡೋಣ, ಯಾವ ಬಾಟ್ ಎಲ್ಲಿಗೆ ಬರಬಾರದು ಅಂತ ಅದರಲ್ಲಿ ಬರೆಯೋಣ ಅಂದರು. ಅದೇ ಇಂದಿನ 'ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ'. ಅದೇ ವರ್ಷದ ಜೂನ್ ಕೊನೆಗೆ ಬಾಟ್ ಬರೆಯುವವರು ಇದಕ್ಕೆ ಒಪ್ಪಿದರು. ಕಾನೂನೂ ಇಲ್ಲ, ದಂಡವೂ ಇಲ್ಲ, ಬರೀ ಮರ್ಯಾದೆಯ ಮೇಲೆ ನಿಂತ ಒಪ್ಪಂದ. ನಿಮ್ಮ ಮುಂಬೈ ಸೊಸೈಟಿ ಗೇಟಿನ 'ಸೇಲ್ಸ್‌ಮನ್‌ಗಳಿಗೆ ಪ್ರವೇಶವಿಲ್ಲ' ಬೋರ್ಡಿನ ಹಾಗೆ: ಓದಿ ಹಿಂದೆ ಹೋಗುವವರು ಹೋಗುತ್ತಾರೆ, ನುಗ್ಗುವವರು ನುಗ್ಗುತ್ತಾರೆ.

ಈಗ ಜಾಹೀರಾತಿನ ಕಡೆ ಬರೋಣ. ಗೂಗಲ್ ತನ್ನ ಆಡ್‌ವರ್ಡ್ಸ್ ಶುರುಮಾಡಿದ್ದು 2000ದ ಅಕ್ಟೋಬರ್‌ನಲ್ಲಿ. ಕೆಲವೇ ವರ್ಷಗಳಲ್ಲಿ, ಜಾಹೀರಾತಿನ ಸಾಲು ಒಂದು ಹೇಳಿ ಪುಟ ಇನ್ನೊಂದು ತೋರಿಸುವ ಆಟ ಹೆಚ್ಚಾಯ್ತು. ಹಾಗಾಗಿ ಲ್ಯಾಂಡಿಂಗ್ ಪೇಜಿನ ಗುಣಮಟ್ಟವೂ ಲೆಕ್ಕಕ್ಕೆ ಬಂತು. ಅದನ್ನು ನೋಡಿಬರಲು ಗೂಗಲ್ 'ಆಡ್ಸ್‌ಬಾಟ್' ಎಂಬ ತಪಾಸಣಾ ಬಾಟ್ ಇಟ್ಟುಕೊಂಡಿತು.

ಇದರ ಒಂದು ಸ್ವಭಾವ ಗಮನಿಸಿ. ರೋಬೋಟ್ಸ್ ಫೈಲಿನಲ್ಲಿ ನಕ್ಷತ್ರ ಚಿಹ್ನೆ ಹಾಕಿ 'ಯಾವ ಬಾಟೂ ಬರಬೇಡಿ' ಅಂತ ಬರೆದರೂ ಆಡ್ಸ್‌ಬಾಟ್ ಬರುತ್ತೆ. ಜಾಹೀರಾತು ಕೊಟ್ಟವರು ತಪಾಸಣೆಗೂ ಒಪ್ಪಿದ್ದಾರೆ ಅನ್ನೋದು ಗೂಗಲ್‌ನ ತರ್ಕ. ಅದನ್ನು ಹೆಸರು ಹಿಡಿದು ಬೇಡ ಅಂದರೆ ಮಾತ್ರ ನಿಲ್ಲುತ್ತೆ. ಅಂದರೆ ಎಲ್ಲರಿಗೂ ಬರೆದ ಬೋರ್ಡಿನಿಂದ ನಿಮ್ಮ ಜಾಹೀರಾತು ನಿಂತಿರಲು ಸಾಧ್ಯವಿಲ್ಲ.

ಹಾಗಾದರೆ ತಡೆದವರು ಯಾರು? ವಾಚ್‌ಮನ್.

ಮರ್ಯಾದೆ ಇಲ್ಲದ ಬಾಟ್‌ಗಳು ಹೆಚ್ಚಾದ ಹಾಗೆ ಸೈಟಿನವರು ಬೋರ್ಡು ನಂಬುವುದನ್ನು ಬಿಟ್ಟು ಬೀಗ ಹಾಕತೊಡಗಿದರು. 'ಕ್ಯಾಪ್ಚಾ' ಅನ್ನೋ ಹೆಸರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರಿಂದ ಬಂತು. ಅವರ ಪ್ರಬಂಧ 2003ರದ್ದು. ಇದರ ಜೊತೆಗೆ ಫೈರ್‌ವಾಲ್, ಬಾಟ್ ತಡೆಯುವ ಸೇವೆ, ದೇಶವಾರು ನಿರ್ಬಂಧ ಎಲ್ಲ ಸೇರಿಕೊಂಡವು. ಈ ಬೀಗಗಳಿಗೆ ಕಳ್ಳನೂ ಒಂದೇ, ತಪಾಸಣೆಗೆ ಬಂದವನೂ ಒಂದೇ.

ನಾನು ನೋಡಿದ ಒಂದು ಕೇಸ್ ಹೇಳ್ತೀನಿ. ಪುಣೆಯ ಒಬ್ಬ ಸೀರೆ ವ್ಯಾಪಾರಿ, ಗಿರಾಕಿಗಳೆಲ್ಲ ಭಾರತದವರೇ. ಸ್ಪ್ಯಾಮ್ ಕಾಟ ತಾಳಲಾರದೆ ಅವರ ಹೋಸ್ಟಿಂಗ್‌ನವರು ಹೊರದೇಶದ ಐಪಿಗಳನ್ನೆಲ್ಲ ತಡೆದಿದ್ದರು. ಆದರೆ ಗೂಗಲ್ ಕ್ರಾಲರ್‌ಗಳು ಹೆಚ್ಚಾಗಿ ಬರುವುದೇ ಅಮೆರಿಕದ ಐಪಿಗಳಿಂದ. ಲಾಗ್ ತೆಗೆದು ನೋಡಿದರೆ ಆಡ್ಸ್‌ಬಾಟ್ ಹೆಸರಿನ ಮುಂದೆ ಸಾಲುಸಾಲಾಗಿ 403, ಅಂದರೆ 'ಪ್ರವೇಶವಿಲ್ಲ'. ವ್ಯಾಪಾರಿ ಪಾಪ ಪುಟದ ಚಿತ್ರ, ಬರಹ, ಬೆಲೆ ಎಲ್ಲವನ್ನೂ ಬದಲಿಸಿ ಬದಲಿಸಿ ಸೋತಿದ್ದರು.

ಹಾಗಾಗಿ ಪುಟ ಮುಟ್ಟುವ ಮೊದಲು ಲಾಗ್ ನೋಡಿ. ಆಡ್ಸ್‌ಬಾಟ್‌ಗೆ 403, 503 ಅಥವಾ ಕ್ಯಾಪ್ಚಾ ಹೋಗುತ್ತಿದೆಯಾ? ಹೋಗುತ್ತಿದ್ದರೆ ಯಾವ ನಿಯಮ ತಡೆಯಿತು ಅಂತ ಫೈರ್‌ವಾಲ್‌ನಲ್ಲಿ ಹುಡುಕಿ. ಹೆಸರು ನೋಡಿ ಮಾತ್ರ ಬಾಗಿಲು ತೆಗೆಯಬೇಡಿ, ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಐಪಿಯಿಂದ ಡೊಮೇನ್ ಹೆಸರು, ಆ ಹೆಸರಿನಿಂದ ಮತ್ತೆ ಐಪಿ ಹೀಗೆ ಎರಡೂ ಕಡೆಯಿಂದ ತಾಳೆ ನೋಡಿ. ಗೂಗಲ್ ತನ್ನ ಐಪಿಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಆಮೇಲೆ ಅಷ್ಟಕ್ಕೆ ಮಾತ್ರ ವಿನಾಯಿತಿ ಕೊಟ್ಟು, ಮರುಪರಿಶೀಲನೆ ಕೇಳಿ. ಬಾಟ್‌ಗೆ ಅಂತಲೇ ಬೇರೆ ಪುಟ ತೋರಿಸುವ ಜಾಣತನ ಬೇಡ. ಅದು ಕ್ಲೋಕಿಂಗ್. ಅದಕ್ಕೆ ಖಾತೆಯೇ ಅಮಾನತಾಗಬಹುದು.

ಕೋಸ್ಟರ್ ಅವರ ಒಪ್ಪಂದ ಕೊನೆಗೂ 2022ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 9309 ಎಂಬ ಅಧಿಕೃತ ದಾಖಲೆಯಾಯಿತು. ಬರೆದವರ ಪಟ್ಟಿಯಲ್ಲಿ ಅವರೂ ಇದ್ದಾರೆ, ಗೂಗಲ್‌ನವರೂ ಇದ್ದಾರೆ. ಈ ನಿಯಮಗಳು ಪ್ರವೇಶದ ಅನುಮತಿ ಕೊಡುವ ವ್ಯವಸ್ಥೆ ಅಲ್ಲ ಅಂತ ಆ ದಾಖಲೆಯೇ ಹೇಳುತ್ತೆ. ಇಪ್ಪತ್ತೆಂಟು ವರ್ಷ ಆದಮೇಲೂ ಬೋರ್ಡು ಬೋರ್ಡಾಗಿಯೇ ಉಳಿದಿದೆ. ಅನುಮತಿ ಕೊಡುವುದೂ ತಡೆಯುವುದೂ ಬೀಗದ ಕೆಲಸ, ಆ ಬೀಗದ ಕೀಲಿ ಇರೋದು ನಿಮ್ಮ ಹೋಸ್ಟಿಂಗ್‌ನವರ ಹತ್ತಿರ. ಜಾಹೀರಾತಿಗೆ ದುಡ್ಡು ಕಟ್ಟುವ ಮೊದಲೇ ಅವರಿಗೆ ಒಂದು ಫೋನ್ ಮಾಡಿ, ಆಡ್ಸ್‌ಬಾಟ್‌ಗೆ ದಾರಿ ಇದೆಯಾ ಅಂತ ಕೇಳಿಬಿಡಿ.