ಬಯಲಿನ ಒಲೆ

ಚರಿತ್ರೆಯನ್ನು ನಾವು ಶಾಸನಗಳಲ್ಲಿಯೂ ಕೋಟೆಕೊತ್ತಲಗಳಲ್ಲಿಯೂ ಅರಸುವುದು ವಾಡಿಕೆ. ಹೊಲದಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿದವರಾದರೋ ಯಾವ ಶಾಸನವನ್ನೂ ಬರೆಯಿಸಲಿಲ್ಲ. ಅವರು ಉಂಡೆದ್ದ ಮೇಲೆ ಉಳಿದುದು ಹಿಡಿ ಬೂದಿ ಮಾತ್ರ. ಆ ಬೂದಿಗೂ ಒಂದು ಚರಿತ್ರೆಯುಂಟು.

ಬೆಳಗಾವಿಯಿಂದ ದಕ್ಷಿಣಕ್ಕೆ ಖಾನಾಪುರ. ಆ ತಾಲೂಕಿನ ಹಲಸಿಯೇ ಕದಂಬರ ಪಲಾಶಿಕಾ. ಸುಮಾರು ಕ್ರಿ. ಶ. ೫೦೦ರ ಕಾಲದ ರವಿವರ್ಮನ ತಾಮ್ರಶಾಸನವೊಂದು, ಅಲ್ಲಿ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನಗಳ ಜಿನೋತ್ಸವ ನಡೆಯಬೇಕೆಂದೂ ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ಸಲ್ಲಬೇಕೆಂದೂ ವಿಧಿಸುತ್ತದೆ. ೧೨ನೆಯ ಶತಮಾನದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಅರಮನೆಯ ಅನ್ನಭೋಗವನ್ನು ವಿಸ್ತರಿಸಿ ಹೇಳಿತು, ಕೆಂಡದಲ್ಲಿ ಸುಡುವ ಪಾಕಗಳೂ ಅದರಲ್ಲಿವೆ. ದಾನಿಯ ಅನ್ನವೂ ದೊರೆಯ ಅನ್ನವೂ ಹೀಗೆ ಬರಹಕ್ಕೆ ಬಂದುವು. ಒಕ್ಕಲಿಗನ ಹೊಲದ ಅನ್ನವನ್ನು ಮಾತ್ರ ಮಕ್ಕಳ ನೆನಪೇ ಕಾಪಾಡಿಕೊಂಡು ಬಂದಿತು.

ಬೆಳಗಾವಿ ಖಾನಾಪುರಗಳ ಕೆಮ್ಮಣ್ಣು ಗೆಣಸಿಗೆ ಹೆಸರಾದುದು. ಕನ್ನಡಿಗರ ಈ ಗೆಣಸು ನೆರೆಯ ಮರಾಠಿಗರ ಬಾಯಲ್ಲಿ ರತಾಳೆ. ಅಮೆರಿಕಾ ಖಂಡದಲ್ಲಿ ಹುಟ್ಟಿದ ಈ ಗಡ್ಡೆ ಭಾರತಕ್ಕೆ ಬಂದುದು ಪೋರ್ತುಗೀಸರ ಕಾಲದಲ್ಲಿ. ಕದಂಬರ ಮಕ್ಕಳು ಇದರ ರುಚಿಯನ್ನು ಅರಿಯರು. ಹೊಲದಲ್ಲಿ ಇದನ್ನು ಸುಡುವ ಕ್ರಮ ಸರಳವಾದುದು. ತಂದೆಯು ಗಾಳಿಯ ದಿಕ್ಕನ್ನು ನೋಡಿ ತಗ್ಗು ತೋಡುತ್ತಾನೆ. ಮಕ್ಕಳು ಪುರಲೆಯನ್ನೂ ಒಣಗಿದ ಕುಳ್ಳನ್ನೂ ಆಯ್ದು ತರುತ್ತಾರೆ. ಉರಿ ಅಡಗಿ ಕೆಂಡವಾದ ಮೇಲೆ ತಾಯಿಯು ಗೆಣಸನ್ನು ಬೂದಿಯಲ್ಲಿ ಹುದುಗಿಸುತ್ತಾಳೆ. ಆಮೇಲೆ ಕಾಯಬೇಕು, ಆತುರಪಟ್ಟರೆ ಸಿಪ್ಪೆ ಕರಿಯಾಗಿ ಒಳಗು ಹಸಿಯಾಗಿಯೇ ಉಳಿಯುತ್ತದೆ. ತಾಳ್ಮೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಶಾಲೆ ಯಾವುದು?

ಜಿಲ್ಲೆಯ ಪೂರ್ವಕ್ಕೆ ಸರಿದರೆ ಎರೆಭೂಮಿ. ಅಲ್ಲಿ ಚಳಿಗಾಲದಲ್ಲಿ ಜೋಳದ ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಯಾಗಿಯೇ ಸೀತನಿಯನ್ನು ತಿನ್ನುತ್ತಾರೆ. ಎಳ್ಳಮಾವಾಸ್ಯೆಯಂದು ಮನೆಯವರೆಲ್ಲರೂ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಒಟ್ಟಿಗೆ ಕುಳಿತು ಉಣ್ಣುತ್ತಾರೆ.

ಇಲ್ಲಿ ನಾವು ಗಮನಿಸಬೇಕಾದುದು ರುಚಿಯನ್ನಷ್ಟೇ ಅಲ್ಲ. ಮನೆಯೊಳಗಿನ ಒಲೆ ಬಹುಕಾಲ ತಾಯಿಯೊಬ್ಬಳ ಪಾಲಿನ ದುಡಿಮೆಯಾಗಿತ್ತು. ತಂದೆಯು ಎಲೆಯ ಮುಂದೆ ಕುಳಿತುಕೊಳ್ಳುವವನು. ಬಯಲಿನಲ್ಲಿ ಆ ಗೋಡೆಯಿಲ್ಲ. ಬಗ್ಗಿ ಬೆಂಕಿ ಊದುವ ತಂದೆಯನ್ನು ಮಗು ಅಲ್ಲಿ ಕಾಣುತ್ತದೆ. ಆಜ್ಞೆಯ ದನಿ ಅಡಗಿ ಮಾತುಕತೆ ಮೊದಲಾಗುತ್ತದೆ. ಬೆಳೆಯು ಶತಮಾನಕ್ಕೊಂದು ಬದಲಾಗಬಹುದು; ಕೂಡಿ ದುಡಿದು ಹಂಚಿ ತಿಂದ ಸಲಿಗೆ ಬದಲಾಗದು.

ಈ ಬೆಂಕಿಗೆ ಇಂದು ಎಡೆ ಕಿರಿದಾಗಿದೆ. ೧೮೭೮ರ ಅರಣ್ಯ ಕಾನೂನು ಕಾಡಿನ ಸೌದೆಗೆ ಕಟ್ಟು ಹಾಕಿತು. ೨೦೧೧ರಲ್ಲಿ ಖಾನಾಪುರದ ಭೀಮಗಡವು ವನ್ಯಧಾಮವಾಯಿತು. ಕಾಡಿನಲ್ಲಿ ಬೆಂಕಿ ಹೊತ್ತಿಸದಿರುವುದೇ ಧರ್ಮ. ಅದಕ್ಕಾಗಿ ನಾವು ಕೊರಗಬೇಕಾಗಿಲ್ಲ. ಕೊರಗಬೇಕಾದುದು ಬೇರೆ: ಬೆಳಗಾವಿಯ ಸುತ್ತಣ ಹೊಲಗಳು ರಸ್ತೆಗಳೂ ನಿವೇಶನಗಳೂ ಆಗುತ್ತಿವೆ. ಗೆಣಸನ್ನು ಪೇಟೆಯ ತಕ್ಕಡಿಯಲ್ಲಿ ಮಾತ್ರ ಕಂಡ ಮಗುವಿಗೆ, ತಂದೆತಾಯಿಗಳ ಕೈಕೆಲಸವನ್ನು ಕಾಣುವ ಒಂದು ಬಾಗಿಲು ಮುಚ್ಚಿದಂತೆಯೇ ಸರಿ.

ಹೊಲವುಳ್ಳ ನಂಟರು ಇನ್ನೂ ಅನೇಕರಿಗಿದ್ದಾರೆ. ಕೊಯ್ಲಿನ ದಿನಗಳಲ್ಲಿ ಒಮ್ಮೆ ಮಕ್ಕಳೊಡನೆ ಅಲ್ಲಿಗೆ ಹೋಗೋಣ; ಅವರ ಕೈಯಿಂದಲೇ ಕಲ್ಲು ಹೂಡಿಸೋಣ. ಉಂಡ ಮೇಲೆ ಕೆಂಡಕ್ಕೆ ನೀರೆರೆದು ಆರಿಸುವ ಕೆಲಸವನ್ನೂ ಅವರಿಗೇ ಒಪ್ಪಿಸೋಣ.