ಸಂರಕ್ಷಣಾ ರಿಲೇಗಳ ಮಾಡ್ಯುಲರ್ ಟರ್ಮಿನಲ್ ಜೋಡಣೆ: ಇತಿಹಾಸ

ವಿದ್ಯುತ್ ವಿತರಣಾ ಜಾಲದ ಲೈನು, ಟ್ರಾನ್ಸ್‌ಫಾರ್ಮರು, ಫೀಡರುಗಳಲ್ಲಿ ದೋಷ ಉಂಟಾದ ಕೂಡಲೇ ಅದನ್ನು ಗುರುತಿಸಿ ಬ್ರೇಕರನ್ನು ಟ್ರಿಪ್ ಮಾಡಿಸುವ ಸಾಧನ ಸಂರಕ್ಷಣಾ ರಿಲೇ. ರಿಲೇಗೆ ಬರುವ, ರಿಲೇಯಿಂದ ಹೊರಡುವ ತಂತಿಗಳನ್ನು ಕೂಡಿಸುವ ಭಾಗಕ್ಕೆ ಟರ್ಮಿನಲ್ ಎಂದು ಹೆಸರು. ಒಂದೇ ಅಳತೆಯ ಬಿಡಿಭಾಗಗಳಾಗಿ ತಯಾರಾಗಿ, ಬೇಕಾದಷ್ಟು ಸಂಖ್ಯೆಯಲ್ಲಿ ಸಾಲಾಗಿ ಕೂಡಿಸಬಹುದಾದ, ತಂತಿ ಬಿಚ್ಚದೆಯೇ ರಿಲೇಯನ್ನು ಹೊರಗೆಳೆಯಲು ಅನುವಾಗುವ ಟರ್ಮಿನಲ್‌ಗಳು ಮಾಡ್ಯುಲರ್ ಎನಿಸಿಕೊಳ್ಳುತ್ತವೆ. ರಿಲೇಯ ಇತಿಹಾಸ ಬರೆದವರು ಹೆಚ್ಚಾಗಿ ಅದರ ಒಳಗಿನ ತಟ್ಟೆ, ಸುರುಳಿ, ಚಿಪ್‌ಗಳ ಬಗ್ಗೆ ಬರೆದಿದ್ದಾರೆ. ಹಿಂಬದಿಯ ಸ್ಕ್ರೂಗಳ ಕಡೆಗೆ ನೋಡಿದವರು ಕಡಿಮೆ. ಆದರೆ ಸಬ್‌ಸ್ಟೇಷನ್‌ನಲ್ಲಿ ಕೆಲಸ ಮಾಡುವವರ ಜೀವಕ್ಕೆ ಹತ್ತಿರದ ಸಂಗತಿ ಆ ಸ್ಕ್ರೂಗಳೇ.

ರಿಲೇಗೆ ಬರುವ ತಂತಿಗಳೆಲ್ಲ ಒಂದೇ ಸ್ವಭಾವದವಲ್ಲ. ಲೈನಿನ ಕರೆಂಟನ್ನು ಅಳೆಯಲು ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿ.ಟಿ., ಬೇಕು. 400/1 ಅನುಪಾತದ ಸಿ.ಟಿ.ಯಾದರೆ ಲೈನಿನಲ್ಲಿ 200 ಆಂಪಿಯರ್ ಹರಿಯುವಾಗ ರಿಲೇಗೆ ಅರ್ಧ ಆಂಪಿಯರ್ ಬರುತ್ತದೆ. ಈ ಸಣ್ಣ ಕರೆಂಟು ತನ್ನ ಸರ್ಕ್ಯೂಟಿನಲ್ಲಿ ಹರಿಯುತ್ತಿರುವವರೆಗೆ ಸಿ.ಟಿ.ಯ ತಿರುಳಿನಲ್ಲಿ ಪ್ರೈಮರಿಯ, ಅಂದರೆ ಲೈನಿನ ಕರೆಂಟಿನ, ಪ್ರಭಾವವನ್ನು ಹೆಚ್ಚುಕಡಿಮೆ ಪೂರ್ತಿ ಅಳಿಸಿಹಾಕುತ್ತದೆ. ಎಲ್ಲಾದರೂ ತಂತಿ ಕಳಚಿತೆಂದರೆ ಆ ಎದುರು ಪ್ರಭಾವ ಇಲ್ಲವಾಗುತ್ತದೆ. ಲೈನಿನ ಕರೆಂಟನ್ನು ನಿರ್ಧರಿಸುವುದು ಊರಿನ ಲೋಡು, ಸಿ.ಟಿ.ಯ ತಂತಿ ಕಳಚಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಆ ಕರೆಂಟು ಅಷ್ಟೂ ತಿರುಳನ್ನು ಕಾಂತೀಯಗೊಳಿಸಲು ತೊಡಗಿ, ತೆರೆದ ತುದಿಗಳ ನಡುವೆ ಸಾವಿರಾರು ವೋಲ್ಟಿನ ಮೊನೆಗಳು ಏಳುತ್ತವೆ. ಕಿಡಿ ಹಾರುತ್ತದೆ, ಇನ್ಸುಲೇಷನ್ ಸುಡುತ್ತದೆ, ಮುಟ್ಟಿದವರ ಪ್ರಾಣಕ್ಕೆ ಅಪಾಯ. ಪಕ್ಕದಲ್ಲೇ ಇರುವ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನ, ಅಂದರೆ ಪಿ.ಟಿ.ಯ, ತಂತಿಗಳ ಕತೆ ತಿರುಗುಮುರುಗು: ತೆರೆದರೆ ತೊಂದರೆಯಿಲ್ಲ, ಒಂದಕ್ಕೊಂದು ತಾಗಿಸಿದರೆ ಕೇಡು. ಇನ್ನು ಬ್ರೇಕರಿಗೆ ಆಜ್ಞೆ ಒಯ್ಯುವ ಟ್ರಿಪ್ ತಂತಿ. ರಿಲೇಯನ್ನು ಪರೀಕ್ಷಿಸುವಾಗ ಅದು ಎಲ್ಲಕ್ಕಿಂತ ಮೊದಲು ಬಿಡಬೇಕು, ಕೊನೆಗೆ ಕೂಡಬೇಕು. ತಪ್ಪಿದರೆ ಒಂದು ಫೀಡರಿನ ಊರುಗಳೆಲ್ಲ ಕತ್ತಲಲ್ಲಿ ಕೂರಬೇಕಾಗುತ್ತದೆ. ರಿಲೇ ಟರ್ಮಿನಲ್‌ಗಳ ನೂರು ವರ್ಷದ ಬೆಳವಣಿಗೆ ಈ ಮೂರು ನಿಯಮಗಳ ಸುತ್ತ ನಡೆದದ್ದು. ಮೊದಲು ಕೆಲಸಗಾರ ನೆನಪಿಟ್ಟುಕೊಂಡು ಪಾಲಿಸುತ್ತಿದ್ದ ಕ್ರಮವನ್ನು ಕ್ರಮೇಣ ಟರ್ಮಿನಲ್ಲಿನ ಲೋಹವೇ ಪಾಲಿಸುವಂತಾಯಿತು.

ಇಂಗ್ಲೆಂಡಿನ ಚಾರ್ಲ್ಸ್ ಮರ್ಜ್ ಮತ್ತು ಬರ್ನಾರ್ಡ್ ಪ್ರೈಸ್ 1904ರಲ್ಲಿ ರೂಪಿಸಿದ ಸಮತೋಲನ, ಅಂದರೆ ಡಿಫರೆನ್ಷಿಯಲ್, ಸಂರಕ್ಷಣೆ ಈ ವಿದ್ಯೆಯ ಮೊದಲ ದೊಡ್ಡ ಹೆಜ್ಜೆಗಳಲ್ಲಿ ಒಂದು. ಕೇಬಲ್ಲಿನ ಎರಡೂ ತುದಿಗಳ ಸಿ.ಟಿ.ಗಳನ್ನು ತಂತಿಯಿಂದ ಕೂಡಿಸಿ, ಒಳಹೋದ ಕರೆಂಟು ಹೊರಬಂದದ್ದಕ್ಕೆ ಸಮವೇ ಎಂದು ನೋಡುವ ವಿಧಾನವದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಡಕ್ಷನ್ ತಟ್ಟೆಯ ಓವರ್‌ಕರೆಂಟ್ ರಿಲೇಗಳು ಬಂದವು. ಆಗಿನ ರಿಲೇಯನ್ನು ಅಮೃತಶಿಲೆಯ ಇಲ್ಲವೇ ಸ್ಲೇಟಿನ ಫಲಕಕ್ಕೆ ಬಿಗಿದು, ಹಿಂದಕ್ಕೆ ಚಾಚಿದ ಹಿತ್ತಾಳೆಯ ಸ್ಟಡ್‌ಗಳಿಗೆ ತಂತಿಯನ್ನು ನಟ್ಟು ಹಾಕಿ ಕಟ್ಟುತ್ತಿದ್ದರು. ರಿಲೇ ತೆಗೆಯಬೇಕೆಂದರೆ ಫಲಕದ ಹಿಂದೆ ಹೋಗಿ, ಸಿ.ಟಿ. ತಂತಿಗಳನ್ನು ಮೊದಲು ಲಿಂಕ್ ಹಾಕಿ ಒಂದಕ್ಕೊಂದು ಕೂಡಿಸಿ, ಅಂದರೆ ಶಾರ್ಟ್ ಮಾಡಿ, ಆಮೇಲೆ ಒಂದೊಂದೇ ನಟ್ಟು ಬಿಚ್ಚಬೇಕು. ಮತ್ತೆ ಕಟ್ಟುವಾಗ ತಂತಿ ಅದಲುಬದಲಾದರೆ ರಿಲೇ ಇದ್ದೂ ಇಲ್ಲದಂತೆ.

ಈ ತಾಪತ್ರಯಕ್ಕೆ ಅಮೆರಿಕದ ಎರಡು ದೊಡ್ಡ ಕಂಪನಿಗಳು ಎರಡು ಬಗೆಯ ಉತ್ತರ ಕಂಡುಕೊಂಡವು. ಎರಡೂ ಹೊರಗೆಳೆಯುವ ಪೆಟ್ಟಿಗೆಗಳೇ, ಅಂದರೆ ಡ್ರಾಔಟ್ ಕೇಸುಗಳೇ: ತಂತಿ ಕಟ್ಟಿದ ಹೊರಕವಚ ಪ್ಯಾನಲ್ಲಿನಲ್ಲೇ ಉಳಿದು, ಒಳಗಿನ ರಿಲೇ ಮಾತ್ರ ತೊಟ್ಟಿಲಿನ ಸಮೇತ ಈಚೆ ಬರುತ್ತದೆ. ಜನರಲ್ ಎಲೆಕ್ಟ್ರಿಕ್‌ನ ವಿನ್ಯಾಸದಲ್ಲಿ ಹೊರಕವಚಕ್ಕೊಂದು, ಒಳತೊಟ್ಟಿಲಿಗೊಂದು ಬೆರಳುಗಳ ಸಾಲು ಇರುತ್ತಿತ್ತು. ಸ್ಪ್ರಿಂಗಿನ ಒತ್ತಡದಲ್ಲಿರುವ ಆ ಎರಡು ಸಾಲುಗಳ ನಡುವೆ ಒಂದು ಪ್ಲಗ್ ಕೂತು ಸಂಪರ್ಕ ಕೊಡುತ್ತಿತ್ತು. ಪ್ಲಗ್ಗನ್ನು ಎಳೆದಾಗ ಸಿ.ಟಿ.ಯ ಬೆರಳುಗಳು ಪ್ಲಗ್ಗಿನಿಂದ ಬಿಡುವ ಮುನ್ನವೇ ಕವಚದೊಳಗಿನ ಶಾರ್ಟಿಂಗ್ ಪಟ್ಟಿಗೆ ತಾಗುತ್ತಿದ್ದವು. ಹೊಸ ಹಾದಿ ಕೂಡಿಕೊಂಡ ಮೇಲೆಯೇ ಹಳೆಯದು ಬಿಡುವ ಈ ತತ್ತ್ವ ಮುಂದಿನ ವಿನ್ಯಾಸಗಳಲ್ಲೂ ಉಳಿದುಕೊಂಡಿತು. ವೆಸ್ಟಿಂಗ್‌ಹೌಸ್‌ನ ಫ್ಲೆಕ್ಸಿಟೆಸ್ಟ್ ಪೆಟ್ಟಿಗೆಯಲ್ಲಿ ಪ್ಲಗ್ಗಿನ ಬದಲು ಚಾಕುವಿನ ಅಲಗಿನಂಥ ಸಣ್ಣ ಸ್ವಿಚ್ಚುಗಳ ಸಾಲು. ಟ್ರಿಪ್ ಸರ್ಕ್ಯೂಟಿನ ಹಿಡಿ ಕೆಂಪು ಮತ್ತು ಉದ್ದ, ಉಳಿದವು ಕಪ್ಪು. ಕೆಂಪು ಹಿಡಿಯನ್ನೇ ಮೊದಲು ತೆರೆಯಬೇಕು, ಕಪ್ಪು ಹಿಡಿಗಳನ್ನು ಆಮೇಲೆ ಯಾವ ಕ್ರಮದಲ್ಲಿ ತೆರೆದರೂ ನಡೆಯುತ್ತದೆ ಎಂಬುದು ಕಂಪನಿಯ ಸೂಚನೆ. ಮುಚ್ಚುವಾಗ ಕೆಂಪಿನ ಸರದಿ ಕೊನೆಗೆ. ಕರೆಂಟಿನ ಸ್ವಿಚ್ಚು ತೆರೆದರೆ ಸಿ.ಟಿ. ತಾನಾಗಿಯೇ ಶಾರ್ಟ್ ಆಗುತ್ತಿತ್ತು. ಸರಳವಾದರೂ ಬಹಳ ಬುದ್ಧಿವಂತಿಕೆಯ ವಿನ್ಯಾಸ: ಸಿ.ಟಿ.ಯ ವಿಷಯದಲ್ಲಿ ತಪ್ಪು ಮಾಡಲು ಆಸ್ಪದವೇ ಇಲ್ಲ. ಟ್ರಿಪ್ಪಿನ ಕ್ರಮವೊಂದು ಮನುಷ್ಯನಿಗೆ ಉಳಿಯಿತು, ಅದಕ್ಕೂ ಬಣ್ಣದ ಎಚ್ಚರಿಕೆ ಸಿಕ್ಕಿತು. ಎಫ್‌ಟಿ-1 ಎಂಬ ಹೆಸರಿನಲ್ಲಿ ಇದೇ ಸ್ವಿಚ್ಚುಗಳು ರಿಲೇಯಿಂದ ಬೇರೆಯಾಗಿ, ಪ್ಯಾನಲ್ಲಿನ ಮೇಲೆ ಸ್ವತಂತ್ರವಾಗಿ ಕೂರುವ ಟೆಸ್ಟ್ ಸ್ವಿಚ್‌ಗಳಾಗಿ ಇಂದಿಗೂ ಬಳಕೆಯಲ್ಲಿವೆ.

ಅದೇ ಕಾಲಘಟ್ಟದಲ್ಲಿ, ರಿಲೇಗೆ ಸಂಬಂಧವೇ ಇಲ್ಲದಂತೆ, ಜರ್ಮನಿಯಲ್ಲಿ ಇನ್ನೊಂದು ಕವಲು ಬೆಳೆಯುತ್ತಿತ್ತು. ಎಸ್ಸೆನ್ ನಗರದಲ್ಲಿ ಹ್ಯೂಗೋ ಕ್ನ್ಯೂಮನ್ 1923ರಲ್ಲಿ ಕಟ್ಟಿದ, ಮುಂದೆ ಫೀನಿಕ್ಸ್ ಕಾಂಟ್ಯಾಕ್ಟ್ ಎಂದು ಹೆಸರಾದ ಸಂಸ್ಥೆ, ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ ಜೊತೆಗೂಡಿ 1928ರಲ್ಲಿ ಬಿಡಿಬಿಡಿಯಾಗಿ ಜೋಡಿಸುವ ಟರ್ಮಿನಲ್ ಬ್ಲಾಕ್ ತಂದಿತು. ಅಲ್ಲಿಯವರೆಗೆ ಹತ್ತು ತಂತಿಗೆ ಹತ್ತು ಸ್ಕ್ರೂಗಳಿರುವ ಇಡೀ ಪಟ್ಟಿಯನ್ನೇ ಕೊಳ್ಳಬೇಕಿತ್ತು. ಒಂದು ಒಡೆದರೆ ಪಟ್ಟಿಯೇ ಹಾಳು. ಈಗ ಲೋಹದ ಹಳಿಯೊಂದರ ಮೇಲೆ ಮಣಿ ಪೋಣಿಸಿದಂತೆ ಬೇಕಾದಷ್ಟು ಟರ್ಮಿನಲ್ ಕೂರಿಸಬಹುದಾಯಿತು. 1948ರಲ್ಲಿ ವೈಡ್‌ಮ್ಯುಲರ್ ಕಂಪನಿ ಪ್ಲಾಸ್ಟಿಕ್ ಮೈಯ ಟರ್ಮಿನಲ್ ತಂದ ಮೇಲೆ ಪಿಂಗಾಣಿಯ ಕಾಲ ಮುಗಿಯುತ್ತ ಬಂತು. ಮಿಂಡೆನ್ ಪಟ್ಟಣದಲ್ಲಿ 1951ರಲ್ಲಿ ಶುರುವಾದ ವ್ಯಾಗೋ, ಸ್ಕ್ರೂ ಬದಲು ಸ್ಪ್ರಿಂಗಿನಿಂದ ತಂತಿ ಹಿಡಿಯುವ ಕೇಜ್ ಕ್ಲ್ಯಾಂಪನ್ನು 1977ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. 35 ಮಿ.ಮೀ. ಅಗಲದ ಡಿನ್ ಹಳಿ ಜಗತ್ತಿನ ಪ್ಯಾನಲ್ಲುಗಳಿಗೆಲ್ಲ ಸಾಮಾನ್ಯವಾಯಿತು. ಕಾರ್ಖಾನೆಯ ನಿಯಂತ್ರಣ ತಂತಿಗಳಿಗೆ ಸ್ಪ್ರಿಂಗು ಬೇಗ ಒಗ್ಗಿತು. ಸಿ.ಟಿ. ಸರ್ಕ್ಯೂಟಿನವರು ಮಾತ್ರ ಜಗ್ಗಲಿಲ್ಲ: ಸ್ಕ್ರೂ ಸಡಿಲವಾದರೂ ಜಾರದ ರಿಂಗ್ ಲಗ್ಗನ್ನೇ ಇಂದಿಗೂ ಕೇಳುತ್ತಾರೆ. ತೆರೆದ ಸಿ.ಟಿ.ಯ ಪರಿಣಾಮ ಬಲ್ಲವರ ಈ ಹಟವನ್ನು ಹಳೇಕಾಲದ ಮೊಂಡುತನ ಎನ್ನಲಾಗದು.

ರಿಲೇ ಮತ್ತು ಮಾಡ್ಯುಲರ್ ಟರ್ಮಿನಲ್, ಈ ಎರಡು ಕವಲುಗಳು ನಿಜವಾಗಿ ಕೂಡಿದ್ದು ಟ್ರಾನ್ಸಿಸ್ಟರ್ ಕಾಲದಲ್ಲಿ. ಸ್ವೀಡನ್ನಿನ ವೆಸ್ಟೆರೋಸ್‌ನ ಅಸಿಯಾ ಕಂಪನಿಯ ಕಾಂಬಿಫ್ಲೆಕ್ಸ್ ವ್ಯವಸ್ಥೆ 1970ರ ದಶಕದಲ್ಲಿ ಹರಡಿತು. ಅದರಲ್ಲಿ ಎತ್ತರಕ್ಕೆ 44.45 ಮಿ.ಮೀ., ಅಗಲಕ್ಕೆ 7 ಮಿ.ಮೀ. ಮೂಲಮಾನ, ಎಲ್ಲ ರಿಲೇಗಳ ಅಳತೆಯೂ ಇವುಗಳ ಗುಣಿತವೇ. ಮೊದಲನೆಯ ಅಳತೆ ಟೆಲಿಫೋನ್ ಎಕ್ಸ್‌ಚೇಂಜುಗಳ 19 ಇಂಚಿನ ರ‍್ಯಾಕಿನಿಂದ ಬಂದದ್ದು. ಈ ವ್ಯವಸ್ಥೆಯ ಅತ್ಯುತ್ತಮ ಭಾಗ ಎಂದರೆ ಆರ್‌ಟಿಎಕ್ಸ್‌ಪಿ 18 ಎಂಬ ಟೆಸ್ಟ್ ಸ್ವಿಚ್. ಅದಕ್ಕೆ ಹಿಡಿಯಿರುವ ಪ್ಲಗ್ಗೊಂದನ್ನು ತೂರಿಸಿದರೆ ಮೊದಲು ಟ್ರಿಪ್ ಸರ್ಕ್ಯೂಟು ತೆರೆಯುತ್ತದೆ, ಆಮೇಲೆ ಸಿ.ಟಿ.ಗಳು ಶಾರ್ಟ್ ಆಗುತ್ತವೆ, ಕೊನೆಗೆ ವೋಲ್ಟೇಜ್ ತಂತಿಗಳು ಬಿಡುತ್ತವೆ. ಹೊರಗೆಳೆಯುವಾಗ ಇದೇ ಕ್ರಮ ಹಿಂದುಮುಂದು. ಆದರೆ ಪ್ಲಗ್ ಒಂದೇ ಎಳೆತಕ್ಕೆ ಬರುವುದಿಲ್ಲ. ನಡುವೆ ಒಂದು ಕಡೆ ತಡೆಗೆ ಸಿಕ್ಕಿ ನಿಲ್ಲುತ್ತದೆ. ಕರೆಂಟು, ವೋಲ್ಟೇಜು ರಿಲೇಗೆ ಮರಳಿ, ಅದು ಬೆದರಿ ಹುಟ್ಟಿಸಿದ ಸುಳ್ಳು ಆಜ್ಞೆಯೇನಾದರೂ ಇದ್ದರೆ ಅಡಗುವವರೆಗೆ ಟ್ರಿಪ್ ತಂತಿ ಕೂಡದಿರಲಿ ಎಂದು ಆ ತಡೆ. ಪರೀಕ್ಷಕನ ಆತುರವನ್ನೂ ಲೆಕ್ಕಕ್ಕೆ ಹಿಡಿದು ಮಾಡಿದ ವಿನ್ಯಾಸವಿದು.

ಬ್ರಿಟನ್ನಿನ ಸ್ಟಾಫರ್ಡ್‌ನಲ್ಲಿದ್ದ ಜಿಇಸಿ ಮೆಷರ್‌ಮೆಂಟ್ಸ್ ತಂದ ಮಿಡಾಸ್ ಪೆಟ್ಟಿಗೆಗಳು 1980ರ ದಶಕದಲ್ಲಿ ಭಾರತಕ್ಕೂ ಪರಿಚಿತವಾದವು. ಅವುಗಳ ಹಿಂಬದಿಯಲ್ಲಿ ಒಂದೊಂದು ಬ್ಲಾಕಿಗೆ 28 ಟರ್ಮಿನಲ್. ಅವುಗಳಲ್ಲಿ ಕೆಳಭಾಗದ ಟರ್ಮಿನಲ್‌ಗಳು ಸಾಮಾನ್ಯವಾಗಿ ಸಿ.ಟಿ.ಗೆ ಮೀಸಲು. ರಿಲೇ ಈಚೆಗೆ ಬಂದರೆ ಆ ಟರ್ಮಿನಲ್ ಜೋಡಿಗಳು ಒಳಗೇ ಶಾರ್ಟ್ ಆಗುತ್ತವೆ. ಇದರ ಜೊತೆಯ ಎಂಎಂಎಲ್‌ಜಿ ಟೆಸ್ಟ್ ಬ್ಲಾಕಿನ ಮುಚ್ಚಳ ತೆಗೆದ ಕ್ಷಣವೇ 13, 14ನೇ ಟರ್ಮಿನಲ್‌ಗಳ ಸಹಾಯಕ ವಿದ್ಯುತ್ ಪೂರೈಕೆ ಕಡಿದು ಸುಳ್ಳು ಟ್ರಿಪ್ಪನ್ನು ತಪ್ಪಿಸುತ್ತದೆ. ಇಷ್ಟು ಜಾಣತನ ಇದ್ದರೂ ಒಂದು ಕೊರತೆ ಉಳಿಯಿತು. ಬಹುಬೆರಳಿನ ಟೆಸ್ಟ್ ಪ್ಲಗ್ ತೂರಿಸುವ ಮುಂಚೆ, ಅದರ ಮೇಲಿನ ಸಿ.ಟಿ. ಸಾಕೆಟ್‌ಗಳಿಗೆ ಪರೀಕ್ಷಕನೇ ಲಿಂಕ್ ಹಾಕಿರಬೇಕು. ಮರೆತರೆ, ತುಂಬು ಲೋಡಿನಲ್ಲಿರುವ ಸಿ.ಟಿ. ತೆರೆದುಕೊಂಡಂತೆ. ಈ ಒಂದು ಅಂಶದಲ್ಲಿ ಸ್ವೀಡನ್ನಿನ ವಿನ್ಯಾಸವೇ ಮೇಲು ಎನ್ನಬೇಕು.

ಭಾರತದ ವಿತರಣಾ ಜಾಲದಲ್ಲಿ ಬಹುಕಾಲ ರಾಜ್ಯವಾಳಿದ್ದು ಇಂಗ್ಲಿಷ್ ಎಲೆಕ್ಟ್ರಿಕ್‌ನ ಸಿಡಿಜಿ ಸರಣಿಯ ತಟ್ಟೆ ರಿಲೇಗಳು. ಚೆನ್ನೈ ಬಳಿಯ ಪಲ್ಲಾವರಂ ಕಾರ್ಖಾನೆಯ ಈ ರಿಲೇಗಳೂ ಹೊರಗೆಳೆಯುವ ಪೆಟ್ಟಿಗೆಯವೇ. ಎರಡು ಓವರ್‌ಕರೆಂಟ್, ಒಂದು ಅರ್ತ್ ಫಾಲ್ಟ್ ಅಂಶ ಸೇರಿದ ಜೋಡಣೆ 11 ಕೆ.ವಿ. ಫೀಡರುಗಳಿಗೆ ರೂಢಿಯಾಗಿತ್ತು. ಕರ್ನಾಟಕದಲ್ಲಿ ವಿದ್ಯುತ್ ಮಂಡಳಿ (ಕೆಇಬಿ) ಕಾಲದಿಂದ ಬಂದ, 1999ರಲ್ಲಿ ಪ್ರಸರಣ ನಿಗಮ ಕೆಪಿಟಿಸಿಎಲ್‌ಗೆ ಸೇರಿದ ಸಬ್‌ಸ್ಟೇಷನ್‌ಗಳಲ್ಲಿ ಇವನ್ನು ಪರೀಕ್ಷಿಸುವುದು ಆರ್‌ಟಿ ವಿಭಾಗದವರ, ಅಂದರೆ ರಿಲೇ ಟೆಸ್ಟಿಂಗ್‌ನವರ, ಕೆಲಸ. ಪ್ಯಾನಲ್ಲಿನ ಹಿಂಬಾಗಿಲು ತೆರೆದರೆ ಪ್ರತಿ ತಂತಿಯ ತುದಿಗೂ ಅಕ್ಷರ, ಅಂಕಿಗಳಿರುವ ಬಿಳಿ ಇಲ್ಲವೇ ಹಳದಿ ಗುರುತುಬಳೆ, ಅಂದರೆ ಫೆರೂಲ್, ಕಾಣುತ್ತದೆ. ಬ್ರಿಟಿಷ್ ರೂಢಿಯಿಂದ ಉಳಿದ ಆ ಅಕ್ಷರಗಳನ್ನು ಓದಬಲ್ಲವರಿಗೆ ನಕ್ಷೆಯೇ ಬೇಡ: ಸಿ 11, ಸಿ 31, ಸಿ 51 ಎಂದರೆ ಓವರ್‌ಕರೆಂಟ್ ಸಿ.ಟಿ.ಯ ಆರ್, ವೈ, ಬಿ ಫೇಸುಗಳು. ಸಿ 71 ನ್ಯೂಟ್ರಲ್. ಎ ಅಕ್ಷರ ಇದ್ದರೆ ಡಿಫರೆನ್ಷಿಯಲ್, ಡಿ ಇದ್ದರೆ ಮೀಟರಿಂಗ್, ಕೆ ಇದ್ದರೆ ಬ್ರೇಕರಿನ ನಿಯಂತ್ರಣ. ಸಿ.ಟಿ.ಗೆ 2.5 ಚದರ ಮಿ.ಮೀ. ತಾಮ್ರದ ತಂತಿ, ರಿಂಗ್ ಲಗ್, ನಡುವೆ ಸರಿಸಿ ತೆರೆಯುವ ಲಿಂಕ್ ಇರುವ ಸ್ಟಡ್ ಟರ್ಮಿನಲ್: ಇದು ಇಲ್ಲಿಯ ಮಾದರಿ. ವಡೋದರದ ಎಲ್ಮೆಕ್ಸ್ ಕಂಪನಿಯ ಟರ್ಮಿನಲ್‌ಗಳು ಈ ಪ್ಯಾನಲ್ಲುಗಳಲ್ಲಿ ಚಿರಪರಿಚಿತ. ಎಚ್‌ಟಿ, ಅಂದರೆ ಹೈ ಟೆನ್ಷನ್, ಗ್ರಾಹಕರ ಮೀಟರಿನ ಕೆಳಗೆ ಇರುವ ಟಿಟಿಬಿ, ಅಂದರೆ ಟೆಸ್ಟ್ ಟರ್ಮಿನಲ್ ಬ್ಲಾಕ್, ಇದೇ ವಂಶದ್ದು. ಲೋಡ್ ನಿಲ್ಲಿಸದೆ ಮೀಟರ್ ಬದಲಿಸಲು ಅದರ ಶಾರ್ಟಿಂಗ್ ಲಿಂಕುಗಳೇ ಆಧಾರ. ರಿಲೇಗಳ ಟೈಪ್ ಪರೀಕ್ಷೆ ನಡೆಸುವ ದೇಶದ ಮುಖ್ಯ ಪ್ರಯೋಗಾಲಯ, 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಬೆಂಗಳೂರಿನಲ್ಲಿದೆ.

ಕಂಪ್ಯೂಟರಿನಿಂದ ಸಂರಕ್ಷಣೆ ಸಾಧ್ಯವೆಂದು ಜಾರ್ಜ್ ರಾಕ್‌ಫೆಲರ್ 1969ರಲ್ಲಿ ಪ್ರಬಂಧ ಬರೆದರು. ಎಡ್ಮಂಡ್ ಶ್ವೈಟ್ಜರ್ ಅಮೆರಿಕದ ಪುಲ್‌ಮನ್ ಊರಿನಲ್ಲಿ 1982ರಲ್ಲಿ ಕಟ್ಟಿದ ಎಸ್‌ಇಎಲ್ ಕಂಪನಿ 1984ರಲ್ಲಿ ಮೊದಲ ಡಿಜಿಟಲ್ ರಿಲೇಯನ್ನು ಕಳಿಸಿಕೊಟ್ಟಿತು. ಇದರಿಂದ ಟರ್ಮಿನಲ್ಲಿನ ಸಮಸ್ಯೆ ಹೊಸ ರೂಪ ತಾಳಿತು. ಮೊದಲು ಮೂರು ನಾಲ್ಕು ಪೆಟ್ಟಿಗೆಗಳಿಗೆ ಹಂಚಿಹೋಗಿದ್ದ ತಂತಿಗಳೆಲ್ಲ ಒಂದೇ ಡಬ್ಬದ ಬೆನ್ನಿಗೆ ಬಂದವು. ಡಬ್ಬ ಕೆಟ್ಟರೆ ಹತ್ತಾರು ಸ್ಕ್ರೂ ಬಿಚ್ಚುವಷ್ಟು ಹೊತ್ತು ಫೀಡರಿಗೆ ಕಾವಲಿಲ್ಲ. ಇದಕ್ಕೆ ಎಸ್‌ಇಎಲ್ ಕೊಟ್ಟ ಪರಿಹಾರ ಕನೆಕ್ಟರೈಸ್ಡ್ ಮಾದರಿ. ತಂತಿಗಳನ್ನು ಮೊದಲೇ ಪ್ಲಗ್ಗುಗಳಿಗೆ ಕಟ್ಟಿ ತಯಾರಾದ ಜಡೆಯನ್ನು ರಿಲೇಯ ಹಿಂಬದಿಗೆ ಒತ್ತಿದರೆ ಮುಗಿಯಿತು, ಸಿ.ಟಿ. ಪ್ಲಗ್ಗನ್ನು ಕಿತ್ತರೆ ಅದರೊಳಗೇ ಶಾರ್ಟ್ ಆಗುತ್ತದೆ. ಮುಂಚಿನ ವಿನ್ಯಾಸಗಳಲ್ಲಿ ಶಾರ್ಟಿಂಗ್ ಇದ್ದದ್ದು ಪ್ಯಾನಲ್ಲಿಗೆ ಅಂಟಿದ ಕವಚದಲ್ಲಿ. ಇಲ್ಲಿ ಅದು ತಂತಿಯ ತುದಿಗೇ ಬಂತು. ಎಬಿಬಿಯ 615 ಸರಣಿ ಹಳೆಯ ಡ್ರಾಔಟ್ ಹಾದಿಯನ್ನೇ ಹಿಡಿದು, ರಿಲೇಯನ್ನು ಮುಂದಿನಿಂದ ಎಳೆದಾಗ ಕವಚದಲ್ಲಿ ಸಿ.ಟಿ. ಶಾರ್ಟ್ ಆಗುವಂತೆ ಮಾಡಿತು. ಸೀಮೆನ್ಸ್‌ನ ಸಿಪ್ರೋಟೆಕ್ 5 ಸರಣಿಯಲ್ಲಿ ಹಿಂದಿನಿಂದ ಕಳಚುವ ಕರೆಂಟ್ ಟರ್ಮಿನಲ್ಲಿಗೆ ಅದೇ ಗುಣ ಬಂದಿದೆ.

ಈಚೆಗೆ ಸಿ.ಟಿ. ತೆರೆಯಬಾರದೆಂಬ ನಿಯಮದ ಬೇರೇ ಅಲುಗಾಡುತ್ತಿದೆ. ರೊಗೌಸ್ಕಿ ಸುರುಳಿಯಂಥ ಸಂವೇದಕಗಳು ಆಂಪಿಯರಿನ ಬದಲು ಮಿಲಿವೋಲ್ಟ್ ಕೊಡುತ್ತವೆ. ಕಬ್ಬಿಣದ ತಿರುಳಿಲ್ಲದ ಕಾರಣ ತೆರೆದರೂ ಅಪಾಯವಿಲ್ಲ. ಅವುಗಳ ತಂತಿ ಕಂಪ್ಯೂಟರ್ ಜಾಲದ ಆರ್‌ಜೆ-45 ಪ್ಲಗ್ಗಿನಲ್ಲೇ ರಿಲೇಗೆ ಸೇರುತ್ತದೆ. ಐಇಸಿ 61850 ಮಾನದಂಡದ ಪ್ರಕಾರ ಕಟ್ಟಿದ ಸಬ್‌ಸ್ಟೇಷನ್‌ಗಳಲ್ಲಿ ಯಾರ್ಡಿನ ಮರ್ಜಿಂಗ್ ಯೂನಿಟ್ ಕರೆಂಟನ್ನು ಅಂಕಿಗಳನ್ನಾಗಿಸಿ ಆಪ್ಟಿಕಲ್ ಫೈಬರಿನಲ್ಲಿ ಕಳಿಸುತ್ತದೆ. ಅಲ್ಲಿ ಟ್ರಿಪ್ ತಂತಿಯನ್ನು ಬೇರ್ಪಡಿಸುವ ಕೆಂಪು ಹಿಡಿಯ ಜಾಗದಲ್ಲಿ ಸಂದೇಶದೊಳಗಿನ 'ಪರೀಕ್ಷೆ' ಎಂಬ ಗುರುತು ಬಂದಿದೆ. ಕಣ್ಣಿಗೆ ಕಾಣುವ ತೆರಪು ಇಲ್ಲದೆ ಬ್ರೇಕರಿನ ಹತ್ತಿರ ಹೋಗಲು ಹಳೆಯ ಪರೀಕ್ಷಕರು ಹಿಂಜರಿಯುವುದು ಸಹಜವೇ. ಸಾಮಾನ್ಯ ಸಿ.ಟಿ. ಇರುವ ಯಾರ್ಡಿನಲ್ಲಿ ಮರ್ಜಿಂಗ್ ಯೂನಿಟ್ಟಿಗೂ ಶಾರ್ಟಿಂಗ್ ಟರ್ಮಿನಲ್ ಬೇಕೇ ಬೇಕು; ಕಂಟ್ರೋಲ್ ರೂಮಿನಿಂದ ಅದು ಹೊರಗಿನ ಪೆಟ್ಟಿಗೆಗೆ ಜಾಗ ಬದಲಿಸಿದೆ, ಅಷ್ಟೇ. ಹಳೆಯ 11 ಕೆ.ವಿ. ಪ್ಯಾನಲ್ಲುಗಳಲ್ಲಿ ತಟ್ಟೆ ರಿಲೇ ತೆಗೆದು ನ್ಯೂಮರಿಕಲ್, ಅಂದರೆ ಡಿಜಿಟಲ್, ರಿಲೇ ಕೂರಿಸುವಾಗಲೂ ಅದೇ ಸಿ.ಟಿ., ಅದೇ ತಾಮ್ರದ ತಂತಿಗಳೇ ಮುಂದುವರಿಯುತ್ತವೆ. ಹೊಸ ಲಗ್ ಒತ್ತಿಸಿಕೊಂಡು ಹೊಸ ಟರ್ಮಿನಲ್ಲಿಗೆ ಸೇರುತ್ತವೆ.