ಹಳೆಯ ಕಾರುಗಳಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗುವುದು: ಕಾರಣಗಳ ಪತ್ತೆ ಮತ್ತು ಪರಿಹಾರ

(ನೋಂದಣಿ ನವೀಕರಣ ಕೋರುವ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದ ಮೇರೆಗೆ ಸ್ವಂತ ಬಳಕೆಯ ಕಾರಿನ ನೋಂದಣಿಯು ಹದಿನೈದು ವರ್ಷಗಳವರೆಗೆ ಸಿಂಧುವಾಗಿರುತ್ತದೆ. ತದನಂತರ ಅದನ್ನು ಐದು ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಲು ಅವಕಾಶವಿರುತ್ತದೆ. ಇದಕ್ಕಾಗಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಬೇಕಾಗುತ್ತದೆ. ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳಿಗಿಂತ ಮುಂಚಿತವಾಗಿ ಅರ್ಜಿ ಸಲ್ಲಿಸಲು ಅವಕಾಶವಿರುವುದಿಲ್ಲ.

ಇಷ್ಟು ಹಳೆಯದಾದ ಕಾರುಗಳಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಇದು ದಿನೇ ದಿನೇ ಸ್ವಲ್ಪಸ್ವಲ್ಪವಾಗಿ ಹೆಚ್ಚುವುದರಿಂದ ಮಾಲೀಕರ ಕಾಲು ಅದಕ್ಕೆ ಒಗ್ಗಿಹೋಗುತ್ತದೆ. "ಎರಡು ಸಲ ಒತ್ತಿದರೆ ಹಿಡಿಯುತ್ತದೆ" ಎಂಬ ಸಮಾಧಾನವು ಅಪಾಯಕಾರಿ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಎರಡನೆಯ ಸಲ ಒತ್ತಲು ಒಂದು ಸೆಕೆಂಡು ತಗುಲಿದರೂ ಅಷ್ಟು ದೂರವು ಬ್ರೇಕಿಲ್ಲದೆಯೇ ಕಳೆದಿರುತ್ತದೆ.

2. ಬ್ರೇಕ್ ಕೆಲಸ ಮಾಡುವ ಬಗೆ

ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ದ್ರವವು (ರೂಢಿಯಲ್ಲಿ ಬ್ರೇಕ್ ಆಯಿಲ್) ಪೈಪುಗಳ ಮೂಲಕ ನಾಲ್ಕೂ ಚಕ್ರಗಳಿಗೆ ಒತ್ತಡವನ್ನು ತಲುಪಿಸುತ್ತದೆ. ದ್ರವವು ಸುಲಭವಾಗಿ ಕುಗ್ಗುವುದಿಲ್ಲವಾದ್ದರಿಂದ ಪೆಡಲು ಗಟ್ಟಿಯಾಗಿ ನಿಲ್ಲುತ್ತದೆ. ಗಾಳಿ ಅಥವಾ ಆವಿ ಸೇರಿದರೆ ಅದು ಕುಗ್ಗುತ್ತದೆ. ದ್ರವ ಸೋರಿದರೆ ಒತ್ತಡ ನಿಲ್ಲುವುದಿಲ್ಲ. ಪೆಡಲು ಮೆತ್ತಗಾಗುವುದಕ್ಕೆ ಬಹುತೇಕ ಇವೇ ಕಾರಣಗಳು.

3. ನಿಂತ ವಾಹನದಲ್ಲಿ ಮಾಡಬಹುದಾದ ಪರೀಕ್ಷೆಗಳು

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಒತ್ತುಕೊಟ್ಟು, ಎಂಜಿನ್ ನಿಲ್ಲಿಸಿದ ನಂತರ ಈ ಕೆಳಕಂಡ ಪರೀಕ್ಷೆಗಳನ್ನು ಮಾಡತಕ್ಕದ್ದು.

(ಅ) ಪೆಡಲನ್ನು ಒಮ್ಮೆ ಒತ್ತಿ ಎಷ್ಟು ಆಳಕ್ಕೆ ಹೋಗುತ್ತದೆಂದು ಗಮನಿಸುವುದು. ನಂತರ ಬೇಗಬೇಗನೆ ನಾಲ್ಕೈದು ಸಲ ಒತ್ತುವುದು. ಪೆಡಲು ಮೇಲೇರಿ, ಆದರೂ ಸ್ಪಂಜಿನಂತೆ ಪುಟಿಯುತ್ತಿದ್ದರೆ ಪೈಪುಗಳಲ್ಲಿ ಗಾಳಿ ಸೇರಿರುವ ಸಂಭವ ಹೆಚ್ಚು. ಮೇಲೇರಿ ಗಟ್ಟಿಯಾಗಿ ನಿಂತರೆ ಹಿಂದಿನ ಚಕ್ರಗಳ ಬ್ರೇಕ್ ಶೂ ಸವೆದು, ಶೂ ಮತ್ತು ಡ್ರಮ್ಮಿನ ನಡುವಿನ ಅಂತರ ಹೆಚ್ಚಿರಬಹುದು.

(ಆ) ಪೆಡಲನ್ನು ಗಟ್ಟಿಯಾಗಿ ಒತ್ತಿ ಸುಮಾರು ಅರ್ಧ ನಿಮಿಷ ಹಾಗೆಯೇ ಹಿಡಿಯುವುದು. ಅದು ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಒತ್ತಡ ನಿಲ್ಲುತ್ತಿಲ್ಲವೆಂದು ಅರ್ಥ. ಬ್ರೇಕ್ ದ್ರವದ ಮಟ್ಟವೂ ಕುಸಿಯುತ್ತಿದ್ದರೆ ದ್ರವ ಹೊರಗೆ ಸೋರುತ್ತಿದೆ. ಮಟ್ಟವು ಇದ್ದಂತೆಯೇ ಇದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಸೀಲು ಸವೆದಿರುವ ಸಾಧ್ಯತೆ ಇದೆ.

(ಇ) ಬೂಸ್ಟರ್ ಇರುವ ಕಾರಿನಲ್ಲಿ ಪೆಡಲು ಗಟ್ಟಿಯಾಗುವವರೆಗೆ ಒತ್ತಿ, ಒತ್ತಿ ಹಿಡಿದಂತೆಯೇ ಎಂಜಿನ್ ಚಾಲೂ ಮಾಡುವುದು. ಆಗ ಪೆಡಲು ಸ್ವಲ್ಪ ಕೆಳಗಿಳಿದು ನಿಲ್ಲುವುದು ಸಹಜ; ಇದನ್ನು ದೋಷವೆಂದು ತಿಳಿಯಬಾರದು.

4. ಸೋರಿಕೆ ಹುಡುಕಬೇಕಾದ ಸ್ಥಳಗಳು

ಚಕ್ರಗಳ ಒಳಬದಿ, ಹಿಂದಿನ ಡ್ರಮ್ಮುಗಳ ಅಂಚು, ಮುಂದಿನ ಕ್ಯಾಲಿಪರ್, ಪೈಪುಗಳ ಜೋಡಣೆಯ ಸ್ಥಳಗಳು ಹಾಗೂ ಪೆಡಲಿನ ಮೇಲ್ಭಾಗದಲ್ಲಿ ತೇವವಿದೆಯೇ ಎಂದು ನೋಡತಕ್ಕದ್ದು. ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲು ಹಾಳಾದಾಗ ದ್ರವವು ಬೂಸ್ಟರಿನ ಒಳಕ್ಕೆ ಸೇರಿ, ಹೊರಗೆ ಕಾಣದೆಯೂ ಇರಬಹುದು. ಚಕ್ರಗಳ ಬಳಿಯ ರಬ್ಬರ್ ಹೋಸುಗಳು ಬಿರುಕುಬಿಟ್ಟಿದ್ದರೆ ಅಥವಾ ಪೆಡಲ್ ಒತ್ತಿದಾಗ ಉಬ್ಬುತ್ತಿದ್ದರೆ ಬದಲಾಯಿಸತಕ್ಕದ್ದು.

ಪ್ಯಾಡುಗಳು ಸವೆದಂತೆ ದ್ರವದ ಮಟ್ಟವು ನಿಧಾನವಾಗಿ ಇಳಿಯುವುದು ಸ್ವಾಭಾವಿಕ. ಆದರೆ ಪದೇ ಪದೇ ದ್ರವ ತುಂಬಬೇಕಾಗಿ ಬಂದಲ್ಲಿ ಸೋರಿಕೆ ಇದೆಯೆಂದೇ ಭಾವಿಸತಕ್ಕದ್ದು. ಕಾರಣ ಹುಡುಕದೆ ದ್ರವ ತುಂಬುತ್ತಾ ಹೋಗುವುದು ದೋಷವನ್ನು ಮರೆಮಾಚಿದಂತೆಯೇ ಹೊರತು ಸರಿಪಡಿಸಿದಂತಲ್ಲ.

5. ಘಾಟಿ ಇಳಿಯುವಾಗ ಮಾತ್ರ ಮೆತ್ತಗಾದರೆ

ಬ್ರೇಕ್ ದ್ರವವು ಗಾಳಿಯಲ್ಲಿರುವ ತೇವಾಂಶವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ನಿಗದಿತ ಪ್ರಮಾಣದ ತೇವ ಸೇರಿದ ನಂತರದ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್ 4 ದರ್ಜೆಗೆ ಈ ಮಿತಿಗಳು ಕ್ರಮವಾಗಿ 230 ಮತ್ತು 155 ಡಿಗ್ರಿ. ಆಗುಂಬೆ, ಚಾರ್ಮಾಡಿ, ಶಿರಾಡಿಯಂತಹ ಘಾಟಿಗಳಲ್ಲಿ ಬ್ರೇಕನ್ನು ಸತತವಾಗಿ ಒತ್ತಿಕೊಂಡೇ ಇಳಿದರೆ ಚಕ್ರಗಳ ಬಳಿ ಹಳೆಯ ದ್ರವವು ಕುದಿದು ಆವಿಯಾಗಿ, ಪೆಡಲು ಏಕಾಏಕಿ ತಳ ಮುಟ್ಟಬಹುದು. ತಣ್ಣಗಾದ ಮೇಲೆ ಪೆಡಲು ಮೊದಲಿನಂತಾಗುವುದರಿಂದ ದೋಷ ತಾನಾಗಿಯೇ ಹೋಯಿತೆಂದು ಭಾವಿಸಬಾರದು. ದ್ರವವನ್ನು ಪೂರ್ತಿಯಾಗಿ ಬದಲಾಯಿಸತಕ್ಕದ್ದು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಚಲಿಸತಕ್ಕದ್ದು.

6. ದುರಸ್ತಿಯ ಸಂದರ್ಭದಲ್ಲಿ ಗಮನಿಸಬೇಕಾದ ಅಂಶಗಳು

* ವಾಹನದ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ, ಮೊಹರು ಒಡೆಯದ ಡಬ್ಬಿಯ ದ್ರವವನ್ನೇ ಬಳಸುವುದು. ಎಂಜಿನ್ ಆಯಿಲ್ ಮುಂತಾದ ಖನಿಜ ತೈಲವು ಒಂದಿಷ್ಟು ಸೇರಿದರೂ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.
* ಗಾಳಿ ತೆಗೆಯುವಾಗ (ಬ್ಲೀಡಿಂಗ್) ಕೈಪಿಡಿಯಲ್ಲಿ ತಿಳಿಸಿದ ಚಕ್ರಗಳ ಕ್ರಮವನ್ನು ಅನುಸರಿಸುವುದು. ಪೆಡಲು ಬಿಡುವ ಮುನ್ನವೇ ಚಕ್ರದ ಬಳಿಯ ನಿಪ್ಪಲನ್ನು ಬಿಗಿಗೊಳಿಸುವುದು. ಮೇಲಿನ ಡಬ್ಬಿ ಬರಿದಾಗಲು ಬಿಡಬಾರದು. ಬರಿದಾದರೆ ಮತ್ತೆ ಗಾಳಿ ಸೇರುತ್ತದೆ.
* ಹಳೆಯ ಕಾರಿನಲ್ಲಿ ಈ ಕೆಲಸಕ್ಕಾಗಿ ಪೆಡಲನ್ನು ತಳ ಮುಟ್ಟುವಂತೆ ಒತ್ತಬಾರದು. ಮಾಸ್ಟರ್ ಸಿಲಿಂಡರಿನ ಬಳಕೆಯಾಗದ ಭಾಗದಲ್ಲಿ ತುಕ್ಕು ಹಿಡಿದಿದ್ದರೆ ಸೀಲು ಹರಿಯಬಹುದು. ಪೆಡಲಿನ ಕೆಳಗೆ ಮರದ ತುಂಡು ಇಡುವುದು ಉತ್ತಮ.
* ಎ.ಬಿ.ಎಸ್. ಇರುವ ವಾಹನಗಳನ್ನು ಹಾಗೂ ಮಾಸ್ಟರ್ ಸಿಲಿಂಡರಿನ ದುರಸ್ತಿಯನ್ನು ನುರಿತ ಮೆಕ್ಯಾನಿಕ್‌ಗೆ ವಹಿಸುವುದು.

7. ರಸ್ತೆಯಲ್ಲಿ ಪೆಡಲು ತಳ ಮುಟ್ಟಿದಲ್ಲಿ

ಗಾಬರಿಯಾಗದೆ ಪೆಡಲನ್ನು ಬೇಗಬೇಗನೆ ಒತ್ತುತ್ತಾ, ಗೇರನ್ನು ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆಯತಕ್ಕದ್ದು. ಹಳೆಯ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ತಂತಿಯಿಂದ ಕೆಲಸ ಮಾಡುವುದರಿಂದ ದ್ರವ ಸೋರಿದಾಗಲೂ ನೆರವಾಗುತ್ತದೆ. ಎಂಜಿನ್ ನಿಲ್ಲಿಸಬಾರದು. ವಾಹನ ನಿಂತ ಮೇಲೆ ಅದನ್ನು ಮತ್ತೆ ಚಲಾಯಿಸದೆ, ಟೋಯಿಂಗ್ ವಾಹನದ ಮೇಲೆ ಹೇರಿ ಗ್ಯಾರೇಜಿಗೆ ಸಾಗಿಸತಕ್ಕದ್ದು.

8. ಅರ್ಜಿದಾರರ ಗಮನಕ್ಕೆ

ಪೆಡಲು ಮೆತ್ತಗಿರುವ ಕಾರನ್ನು ಪರಿಶೀಲನೆಗೆಂದು ಕೂಡ ರಸ್ತೆಯಲ್ಲಿ ಚಲಾಯಿಸಬಾರದು. ಅಧಿನಿಯಮದ 190ನೇ ಪ್ರಕರಣದ ಮೇರೆಗೆ, ತಿಳಿದಿದ್ದ ದೋಷಕ್ಕೆ ಮಾತ್ರವಲ್ಲದೆ, ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ತಿಳಿಯಬಹುದಾಗಿದ್ದ ದೋಷಕ್ಕೂ ಚಾಲಕರು ಹೊಣೆಯಾಗುತ್ತಾರೆ. ಅಂತಹ ವಾಹನವನ್ನು ಚಲಾಯಿಸಲು ಬಿಟ್ಟವರೂ ಹೊಣೆಯಾಗುತ್ತಾರೆ. 3ನೇ ಕಂಡಿಕೆಯ ಪರೀಕ್ಷೆಗಳಿಗೆ ಬೇಕಾಗುವುದು ಕೆಲವೇ ನಿಮಿಷಗಳು. ಯಾವ ಸಲಕರಣೆಯೂ ಬೇಕಿಲ್ಲ. ಆದ್ದರಿಂದ ಅರ್ಜಿದಾರರು ಪರಿಶೀಲನೆಗೆ ಸಾಕಷ್ಟು ಮುಂಚಿತವಾಗಿ ಈ ಪರೀಕ್ಷೆಗಳನ್ನು ನಡೆಸಿ, ದೋಷ ಕಂಡುಬಂದಲ್ಲಿ ಸರಿಪಡಿಸಿಕೊಂಡು, ಒಂದೇ ಒತ್ತಿಗೆ ಪೆಡಲು ಗಟ್ಟಿಯಾಗಿ ನಿಲ್ಲುವುದನ್ನು ಖಚಿತಪಡಿಸಿಕೊಂಡ ನಂತರವೇ ವಾಹನವನ್ನು ಹಾಜರುಪಡಿಸಬೇಕಾಗಿ ಕೋರಲಾಗಿದೆ.